ಗೆರೆ ದಾಟಿ ಬೀದಿಗೆ ಬಂದ ಆಟ

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕೈದು ದಿನ ಇರುವಾಗಲೇ ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಕಟ್ಟಿಗೆ, ಕುಳ್ಳು ಒಟ್ಟಿಕೊಂಡವರಿಗೆ ನಿದ್ದೆ ಕಡಿಮೆ. ಕಾಮಣ್ಣನನ್ನು ಸುಡಲು ಬೇಕೆಂದು ಹುಡುಗರು ರಾತ್ರಿ ಗುಂಪು ಕಟ್ಟಿಕೊಂಡು ಬರುತ್ತಾರೆ. ಹಿತ್ತಿಲಿನ ಕುಳ್ಳಿನ ಬಣವಿ, ಮುರಿದ ಬಂಡಿಯ ಗಾಲಿ, ಮೂಲೆ ಸೇರಿದ ಹಳೆಯ ಬಾಗಿಲು, ಕಾವಲಿಗೆ ಯಾರೂ ಇಲ್ಲವೆಂದರೆ ಹೊಲದ ಬೇಲಿ, ಹೀಗೆ ಸುಡುವಂಥದ್ದು ಏನು ಸಿಕ್ಕರೂ ಹೊತ್ತೊಯ್ಯುತ್ತಾರೆ. ಬೇರೆ ದಿನವಾದರೆ ಇದು ಕಳವು. ಆ ನಾಲ್ಕು ದಿನ ಮಾತ್ರ ಆಟ.

ಈ ಕಳವಿಗೂ ಕಟ್ಟಳೆಗಳಿವೆ. ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಅವು ಎಲ್ಲ ಕಡೆಯೂ ಒಂದೇ. ಸುಡುವ ವಸ್ತುವನ್ನಷ್ಟೇ ಒಯ್ಯಬೇಕು. ಒಯ್ದದ್ದು ಕಾಮಣ್ಣನಿಗೆ ಸೇರಬೇಕೇ ಹೊರತು ಒಯ್ದವನ ಮನೆಯ ಒಲೆಗಲ್ಲ. ಎತ್ತುವಾಗ ಸಿಕ್ಕಿಬಿದ್ದರೆ ಬೈಸಿಕೊಂಡು ಕೆಳಗಿಡಬೇಕು. ಒಮ್ಮೆ ರಾಶಿಗೆ ಬಿದ್ದರೆ ಒಡೆಯ ಮರಳಿ ಕೇಳುವಂತಿಲ್ಲ. ಹುಣ್ಣಿಮೆಯ ಬೆಂಕಿ ಹತ್ತಿದ ಮೇಲೆ ಆಟ ಮುಗಿಯಿತು. ಮರುದಿನ ಯಾರಾದರೂ ಒಂದು ಕುಳ್ಳು ಮುಟ್ಟಿದರೂ ಅದು ಶುದ್ಧ ಕಳ್ಳತನವೇ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕದಿಯುವ ಹುಡುಗರು ಆಟಗಾರರು, ಸರಿ. ಕುಳ್ಳು ಕಳಕೊಂಡ ಮುದುಕಿ ಆಟಗಾರಳೇ? ಅವಳನ್ನು ಯಾರೂ ಕೇಳಿ ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಆದರೂ ಅವಳ ಪಾತ್ರವಿಲ್ಲದೆ ಆಟವೇ ಇಲ್ಲ. ಅವಳು ಬಾಗಿಲಲ್ಲಿ ಕುಳಿತು ಕಾಯಬೇಕು, ಬೈಯಬೇಕು, ಕೋಲು ಹಿಡಿದು ನಾಲ್ಕು ಹೆಜ್ಜೆ ಓಡಬೇಕು. ಇಂಥ ಆಟಗಳಿಗೆ ವಿದ್ವಾಂಸರು ಇತ್ತೀಚೆಗೆ ಒಂದು ಹೆಸರು ಕೊಟ್ಟಿದ್ದಾರೆ: ‘ಪರ್ವೇಸಿವ್ ಗೇಮ್’. ಹರಡಿಕೊಳ್ಳುವ, ವ್ಯಾಪಿಸುವ ಆಟ ಎಂದು ಅರ್ಥ. ಹೆಸರು ಹೊಸದು; ವಸ್ತು ನಮ್ಮಲ್ಲಿ ಹಳೆಯದು.

ಗೆರೆಯೊಳಗಿನ ಆಟ

ಆಟ ಎಂದರೇನು ಎಂದು ಗಂಭೀರವಾಗಿ ಯೋಚಿಸಿದವರಲ್ಲಿ ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೌಜಿಂಗ ಪ್ರಮುಖ. 1938ರಲ್ಲಿ ಪ್ರಕಟವಾದ ‘ಹೋಮೊ ಲೂಡೆನ್ಸ್’ ಎಂಬ ಗ್ರಂಥದಲ್ಲಿ ಆತ, ಆಟವು ನಿತ್ಯ ಜೀವನದಿಂದ ಬೇರೆಯಾದ ಒಂದು ಆವರಣದಲ್ಲಿ ನಡೆಯುತ್ತದೆ ಎಂದು ವಾದಿಸಿದ. ಅದಕ್ಕೆ ತನ್ನದೇ ಜಾಗ, ತನ್ನದೇ ಕಾಲಮಿತಿ, ತನ್ನದೇ ನಿಯಮ. ಅದರೊಳಗೆ ಕಾಲಿಟ್ಟವರು ಮನಸಾರೆ ಕಾಲಿಟ್ಟವರು.

ನಮ್ಮ ಚೌಕಾಬಾರದ ಮನೆಗಳನ್ನು ನೆನೆಯಿರಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದರೆ ಒಂದು ಲೋಕ ಸಿದ್ಧವಾಯಿತು. ಅದರೊಳಗೆ ‘ಕಾಯಿ ಕಡಿದರೆ’ ಯಾರಿಗೂ ರಕ್ತ ಬರುವುದಿಲ್ಲ. ಕರ್ನಾಟಕದ ಎಷ್ಟೋ ಗುಡಿಗಳ ಕಟ್ಟೆಗಳ ಮೇಲೆ, ಕೋಟೆಯ ಹಾಸುಗಲ್ಲುಗಳ ಮೇಲೆ ಇಂಥ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಕಾವಲುಗಾರ ಅಲ್ಲಿಯೇ ಕುಳಿತು ಆಡಿ, ಸರದಿ ಬಂದಾಗ ಎದ್ದು ಪಹರೆಗೆ ಹೋಗಿರಬೇಕು. ಆಟ ಕಲ್ಲಿನಲ್ಲಿಯೇ ಉಳಿಯಿತು, ಅವನ ಹಿಂದೆ ಬರಲಿಲ್ಲ.

ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಹಾಲೋಕುಳಿಯೂ ಒಂದು ರೀತಿಯಲ್ಲಿ ಗೆರೆಯೊಳಗಿನ ಆಟವೇ. ಜಾರುವ ಎತ್ತರದ ಕಂಬವನ್ನು ತರುಣರು ಏರುತ್ತಾರೆ, ಮೇಲೇರದಂತೆ ಅವರ ಮೇಲೆ ನೀರೆರಚುತ್ತಾರೆ. ನೋಡಲು ಊರಿಗೆ ಊರೇ ನೆರೆಯುತ್ತದೆ. ಆದರೆ ಕಂಬಕ್ಕೆ ಕೈ ಹಾಕಿದವನು ತಾನಾಗಿಯೇ ಕೈ ಹಾಕಿದವನು. ಸಾಕೆನಿಸಿದರೆ ಜಾರಿ ಇಳಿಯಬಹುದು, ನಗುತ್ತಾರೆ, ಅಷ್ಟೇ.

ಫಿನ್ಲೆಂಡ್ ಮತ್ತು ಸ್ವೀಡನ್ನಿನ ಸಂಶೋಧಕರಾದ ಮಾರ್ಕುಸ್ ಮೊಂಟೊಲ, ಯಾಕ್ಕೊ ಸ್ಟೆನ್‌ರೋಸ್, ಅನಿಕಾ ವಾರ್ನ್ 2009ರಲ್ಲಿ ಹೊರತಂದ ಪುಸ್ತಕದ ವಸ್ತು ಈ ಗೆರೆ ಅಳಿಸಿಹೋದ ಆಟಗಳು. ಅವರ ಪ್ರಕಾರ ಆಟ ಮೂರು ದಿಕ್ಕಿನಲ್ಲಿ ಹರಡಬಹುದು. ಜಾಗದಲ್ಲಿ ಹರಡಿದರೆ ಎಲ್ಲಿ ಆಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಕಾಲದಲ್ಲಿ ಹರಡಿದರೆ ಯಾವಾಗ ಆಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಜನರಲ್ಲಿ ಹರಡಿದರೆ ಯಾರು ಆಡುತ್ತಿದ್ದಾರೆಂದೇ ಗೊತ್ತಾಗುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳ ಆವರಣದಲ್ಲಿ 1960ರ ದಶಕದಿಂದ ಬಳಕೆಗೆ ಬಂದ ‘ಕೊಲೆಗಾರ’ ಆಟ ಇದಕ್ಕೆ ಮಾದರಿ. ಪ್ರತಿಯೊಬ್ಬನಿಗೂ ಗುಟ್ಟಾಗಿ ಒಂದು ಹೆಸರು ಸಿಗುತ್ತದೆ. ಆ ವ್ಯಕ್ತಿಯನ್ನು ಹುಡುಕಿ ನೀರಿನ ಪಿಸ್ತೂಲಿನಿಂದ ‘ಕೊಲ್ಲಬೇಕು’. ಪಾಠ, ಊಟ, ನಿದ್ದೆ ಎಲ್ಲದರ ನಡುವೆಯೂ ಆಟ ಸಾಗಿರುತ್ತದೆ.

ಮೂರನೆಯ ದಿಕ್ಕೇ ತಂಟೆಯದು. ಜಾಗ ಮತ್ತು ಕಾಲ ಮಾತಾಡುವುದಿಲ್ಲ. ಜನ ಮಾತಾಡುತ್ತಾರೆ, ನೋಯುತ್ತಾರೆ.

ಅಳ್ಳೊಳ್ಳಿ ಬವ್ವ ಮತ್ತು ಯಶವಂತಪುರದ ದೆವ್ವ

ಮೊಹರಂ ಶೋಕದ ಹಬ್ಬ. ಅದನ್ನು ಆಟವೆಂದರೆ ಕೆಲವರಿಗೆ ಬೇಸರವಾದೀತು. ಇಲ್ಲಿ ಹೇಳುತ್ತಿರುವುದು ಅದರ ಸುತ್ತ ಬೆಳೆದ ವೇಷಗಳ ಮಾತು. ಕಲ್ಯಾಣ ಕರ್ನಾಟಕದಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಅಲಾಯಿ ದೇವರು ಕೂಡುತ್ತವೆ, ಕುಣಿ ತೋಡುತ್ತಾರೆ, ಕನ್ನಡದಲ್ಲಿಯೇ ರಿವಾಯತ್ ಪದ ಹಾಡುತ್ತಾರೆ. ಹರಕೆ ಹೊತ್ತವರು ಹುಲಿ ವೇಷ ಹಾಕುತ್ತಾರೆ, ಫಕೀರರಾಗುತ್ತಾರೆ. ಮಕ್ಕಳಿಗೆ ನಡುಕ ಹುಟ್ಟಿಸುವುದು ಅಳ್ಳೊಳ್ಳಿ ಬವ್ವ. ಮೈಗೆ ಮಸಿ, ತಲೆಗೆ ಉದ್ದನೆಯ ಟೋಪಿ, ನಡುವಿಗೆ ಗೆಜ್ಜೆ ಕಟ್ಟಿಕೊಂಡು ಓಣಿಯ ತಿರುವಿನಲ್ಲಿ ಧುತ್ತೆಂದು ಎದುರಾಗುತ್ತಾನೆ. ಮಗು ಚೀರಿ ತಾಯಿಯ ಸೆರಗು ಹಿಡಿಯುತ್ತದೆ. ತಾಯಿ ನಗುತ್ತ ಅವನ ಕೈಗೆ ಚಿಲ್ಲರೆ ಹಾಕುತ್ತಾಳೆ.

ಆ ಮಗು ಆಟಕ್ಕೆ ಒಪ್ಪಿರಲಿಲ್ಲ. ಆದರೆ ಅದರ ಪರವಾಗಿ ಊರೇ ಒಪ್ಪಿರುತ್ತದೆ, ಅದರ ಪಕ್ಕದಲ್ಲಿ ನಿಂತಿರುತ್ತದೆ. ಬವ್ವನ ಮಸಿಯ ಹಿಂದೆ ಇರುವ ಮುಖ ಯಾರದೆಂದು ದೊಡ್ಡವರಿಗೆಲ್ಲ ಗೊತ್ತು. ಹತ್ತನೆಯ ದಿನ ದೇವರು ಹೊಳೆಗೆ ಹೋದ ಮೇಲೆ ಅವನು ಮುಖ ತೊಳೆದುಕೊಂಡು ಹೊಲಕ್ಕೆ ಹೋಗುತ್ತಾನೆಂಬುದೂ ಗೊತ್ತು.

ಇದನ್ನು 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ನಡೆದ ಘಟನೆಯೊಂದಿಗೆ ಇಟ್ಟು ನೋಡಬೇಕು. ಏಳು ಮಂದಿ ಯುವಕರು ಬಿಳಿ ಬಟ್ಟೆ ತೊಟ್ಟು ದೆವ್ವದ ವೇಷದಲ್ಲಿ ನಡುರಾತ್ರಿ ದಾರಿಹೋಕರನ್ನು, ಆಟೋದವರನ್ನು ಹೆದರಿಸಿ ಯೂಟ್ಯೂಬ್‌ಗಾಗಿ ಚಿತ್ರೀಕರಿಸುತ್ತಿದ್ದರು. ಪೊಲೀಸರು ಹಿಡಿದೊಯ್ದರು. ವೇಷ ಹೆಚ್ಚುಕಡಿಮೆ ಒಂದೇ, ಹೆದರಿಸುವುದೂ ಒಂದೇ. ವ್ಯತ್ಯಾಸ ಎಲ್ಲಿದೆ? ಯಶವಂತಪುರದ ದಾರಿಹೋಕನಿಗೆ ಅಂದು ಯಾವ ಹಬ್ಬವೂ ಇರಲಿಲ್ಲ. ಅವನ ಪಕ್ಕದಲ್ಲಿ ನಗುವ ತಾಯಿ ಇರಲಿಲ್ಲ. ಅವನ ಭಯ ಬೇರೊಬ್ಬರ ಮನರಂಜನೆಯ ಸರಕಾಗುತ್ತದೆಂಬ ಕಲ್ಪನೆಯೂ ಅವನಿಗಿರಲಿಲ್ಲ.

2016ರ ಜುಲೈನಲ್ಲಿ ಬಂದ ‘ಪೋಕೆಮಾನ್ ಗೋ’ ಇದೇ ತೊಡಕನ್ನು ಜಗತ್ತಿನಾದ್ಯಂತ ಹರಡಿತು. ಮೊಬೈಲಿನ ಕ್ಯಾಮೆರಾ ಹಿಡಿದು ನಿಜವಾದ ಬೀದಿಗಳಲ್ಲಿ ಅಲೆದು ಕಾಣದ ಪ್ರಾಣಿಗಳನ್ನು ಹಿಡಿಯುವ ಆಟ ಅದು. ಆಟದ ನಕ್ಷೆ ತಯಾರಿಸಿದವರು ಜಾಗದ ಒಡೆಯರನ್ನು ಕೇಳಲಿಲ್ಲ. ಹಿರೋಶಿಮಾದ ಶಾಂತಿ ಸ್ಮಾರಕದವರು, ವಾಷಿಂಗ್ಟನ್ನಿನ ಯಹೂದಿ ಹತ್ಯಾಕಾಂಡದ ವಸ್ತುಸಂಗ್ರಹಾಲಯದವರು ‘ಇಲ್ಲಿ ಆಡಬೇಡಿ’ ಎಂದು ಕೇಳಿಕೊಳ್ಳಬೇಕಾಯಿತು. ನಮ್ಮಲ್ಲಿ ಗುಜರಾತ್ ಹೈಕೋರ್ಟಿನ ಮುಂದೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯೇ ಬಂತು: ಆಟದ ಮೊಟ್ಟೆಗಳು ದೇವಾಲಯಗಳಲ್ಲಿ ಕಾಣಿಸಿಕೊಳ್ಳುತ್ತಿವೆ ಎಂಬುದು ಅರ್ಜಿದಾರರ ದೂರು. ಮೊದಲಿಗೆ ನಗು ಬರಿಸುವ ದೂರಿದು. ತುಸು ಯೋಚಿಸಿದರೆ, ನಮ್ಮ ಅಂಗಳವನ್ನು ನಿಮ್ಮ ಆಟದ ಮಣೆ ಮಾಡಿಕೊಳ್ಳಲು ಯಾರು ಹೇಳಿದರು ಎಂಬ ಪ್ರಶ್ನೆ ಅದರೊಳಗಿದೆ.

ಯಾರ ಮೇಲೆ ಓಕುಳಿ?

ಹಾಗೆಂದು ಹಳ್ಳಿಯ ಹಳೆಯ ಆಟಗಳೆಲ್ಲ ಮುಗ್ಧವಾಗಿದ್ದವು ಎನ್ನುವಂತಿಲ್ಲ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ಹೊಂಡ ತೋಡಿ ಬಣ್ಣದ ನೀರು ತುಂಬಿಸಿ ಆಡುತ್ತಿದ್ದ ಓಕುಳಿಯಲ್ಲಿ ಒಂದು ಕಡೆ ಊರಿನ ಗಂಡಸರು, ಇನ್ನೊಂದು ಕಡೆ ಕೆಲವೇ ಹೆಂಗಸರು ಇರುತ್ತಿದ್ದರು. ಗಂಡಸರು ನೀರೆರಚುವುದು, ಹೆಂಗಸರು ಹಸಿ ಬಟ್ಟೆಯಿಂದಲೋ ಕೋಲಿನಿಂದಲೋ ಅವರನ್ನು ಹೊಡೆಯುವುದು ಆಟದ ಕ್ರಮ. ಹೊಡೆಯುವವಳು ಹೆಂಗಸಾದ್ದರಿಂದ ಮೇಲುನೋಟಕ್ಕೆ ಅವಳದೇ ಮೇಲುಗೈ. ಆದರೆ ಆ ಹೆಂಗಸರು ಬಹುತೇಕ ದಲಿತ ಕೇರಿಯವರು, ಹಲವೆಡೆ ದೇವದಾಸಿಯರು. ತುಂಬಿದ ಊರಿನೆದುರು ಒದ್ದೆ ಸೀರೆಯಲ್ಲಿ ನಿಲ್ಲುವ ‘ಸರದಿ’ ಗೌಡರ ಮನೆಯ ಹೆಣ್ಣುಮಕ್ಕಳಿಗೆ ಎಂದೂ ಬರಲಿಲ್ಲ.

ದಿನ ಗೊತ್ತಿತ್ತು, ನಿಯಮ ಗೊತ್ತಿತ್ತು, ಸಂಜೆಗೆ ಆಟ ಮುಗಿಯುತ್ತಿತ್ತು. ಕಾಮಣ್ಣನ ಕುಳ್ಳಿನ ವಿಷಯದಲ್ಲಿ ನಾವು ಮೆಚ್ಚಿದ ಗುಣಗಳೆಲ್ಲ ಇಲ್ಲಿಯೂ ಇದ್ದವು. ಇಲ್ಲದಿದ್ದುದು ಒಂದೇ: ‘ನಾನು ಬರುವುದಿಲ್ಲ’ ಎನ್ನುವ ಅವಕಾಶ. ಹಬ್ಬಕ್ಕೆ ಬರುವುದಿಲ್ಲವೆಂದರೆ ಮರುದಿನ ಕೂಲಿ ಇಲ್ಲ, ಕಣದಲ್ಲಿ ಕಾಳಿಲ್ಲ. ಕುಳ್ಳು ಕಳಕೊಂಡ ಮುದುಕಿ ಕದ್ದವನ ಕಿವಿ ಹಿಂಡಬಲ್ಲಳು. ಓಕುಳಿಯ ಹೆಂಗಸಿಗೆ ಆಟದ ಹೊರಗೆ ಆ ಬಲವಿರಲಿಲ್ಲ. ದಲಿತ ಮತ್ತು ಮಹಿಳಾ ಸಂಘಟನೆಗಳು ಇದನ್ನು ವಿರೋಧಿಸಿದಾಗ ‘ಇದು ಬರೀ ಆಟ, ನಮ್ಮ ಸಂಪ್ರದಾಯ’ ಎಂಬ ಉತ್ತರವೇ ಹಲವು ಕಡೆ ಬಂತು. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರದು. ಆಟ ಎಂಬ ಮಾತು ಎಷ್ಟು ದೊಡ್ಡ ಮರೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಕುಮಾರವ್ಯಾಸ ಭಾರತದ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ದ್ರೌಪದಿಯ ಪ್ರಶ್ನೆ ನೆನಪಿರುತ್ತದೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತಾನೇ ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕೆ ಒಡ್ಡುವ ಹಕ್ಕೆಲ್ಲಿಯದು? ಇದನ್ನು ಧರ್ಮಸೂಕ್ಷ್ಮದ ಪ್ರಶ್ನೆಯೆಂದು ಭೀಷ್ಮಾದಿಗಳು ತಲೆ ಕೆರೆದುಕೊಂಡರು. ಅದರ ಕೆಳಗೆ ಇನ್ನೂ ಸರಳವಾದ ಸಂಗತಿಯಿದೆ. ಪಗಡೆಯ ಹಾಸಿನಿಂದ ದೂರ, ಅಂತಃಪುರದಲ್ಲಿದ್ದ ಒಬ್ಬ ಹೆಂಗಸನ್ನು ಕೇಳದೆಯೇ ಆಟದ ಕಾಯಿ ಮಾಡಲಾಗಿತ್ತು. ಆಟ ಅವಳಿರುವ ಕಡೆಗೆ ಹರಡಿತು, ಮುಡಿ ಹಿಡಿದು ಎಳೆತಂದಿತು.

ಅಂಕಗಳ ಕಾಲ

ಈಗಿನ ಕಾಲದ ಹರಡುವ ಆಟದಲ್ಲಿ ಬಣ್ಣವಿಲ್ಲ, ಹಲಗೆಯಿಲ್ಲ, ಅಂಕಗಳಿವೆ. ದುಡಿಮೆ, ಓದು, ಆರೋಗ್ಯ, ಆಡಳಿತ ಎಲ್ಲಕ್ಕೂ ಆಟದ ಉಪಕರಣಗಳನ್ನು, ಎಂದರೆ ಅಂಕ, ಹಂತ, ಪದಕ, ಶ್ರೇಯಾಂಕಪಟ್ಟಿಗಳನ್ನು ತೊಡಿಸುವ ಪದ್ಧತಿಗೆ ‘ಗೇಮಿಫಿಕೇಶನ್’ ಎಂದು ಹೆಸರು. ಪದ ಹುಟ್ಟಿದ್ದು 2002ರ ಸುಮಾರಿಗೆ, ಬಳಕೆ ಹೆಚ್ಚಿದ್ದು 2010ರ ನಂತರ. ವಿಚಾರ ಮಾತ್ರ ಅದಕ್ಕಿಂತ ಹಳೆಯದು. 1935ರ ಆಗಸ್ಟಿನಲ್ಲಿ ಸೋವಿಯತ್ ಗಣಿಯ ಕಾರ್ಮಿಕ ಅಲೆಕ್ಸಿ ಸ್ಟಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದನೆಂದು ಪತ್ರಿಕೆಗಳು ಸಾರಿದವು. ಅವನಿಗೆ ನೆರವಾದವರ ಲೆಕ್ಕ ಹಿಂದೆ ಸರಿಯಿತು. ದೇಶದ ತುಂಬ ‘ಸ್ಟಖಾನೊವ್’ರ ಪೈಪೋಟಿ ಆರಂಭವಾಗಿ, ಉಳಿದ ಕಾರ್ಮಿಕರ ದಿನದ ಗುರಿಯೂ ಮೇಲೇರಿತು. ಗೆದ್ದವನಿಗೆ ಪದಕ, ಆಡದವನಿಗೂ ಹೊರೆ.

ಯಾದಗಿರಿ ಜಿಲ್ಲೆಗೆ ಈ ಆಟ ಅಪರಿಚಿತವಲ್ಲ. ಗುಲ್ಬರ್ಗದಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿ, ರಾಯಚೂರಿನೊಂದಿಗೆ 2018ರ ಜನವರಿಯಲ್ಲಿ ಕೇಂದ್ರ ಸರ್ಕಾರದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಕಾರ್ಯಕ್ರಮಕ್ಕೆ ಸೇರಿತು. ದೇಶದ 112 ಜಿಲ್ಲೆಗಳು, 49 ಸೂಚಕಗಳು. ಆರೋಗ್ಯ ಮತ್ತು ಪೌಷ್ಟಿಕತೆಗೆ ಶೇ 30, ಶಿಕ್ಷಣಕ್ಕೆ ಶೇ 30, ಕೃಷಿ ಮತ್ತು ನೀರಿಗೆ ಶೇ 20, ಹಣಕಾಸು ಸೇರ್ಪಡೆ ಮತ್ತು ಕೌಶಲಕ್ಕೆ ಶೇ 10, ಮೂಲಸೌಕರ್ಯಕ್ಕೆ ಶೇ 10 ತೂಕ. ಅಂಕಿಅಂಶ ತುಂಬಿದಂತೆ ನೀತಿ ಆಯೋಗ ಶ್ರೇಯಾಂಕ ಪ್ರಕಟಿಸುತ್ತದೆ. ಮುಂದೆ ಬಂದ ಜಿಲ್ಲೆಗಳಿಗೆ ಹೆಚ್ಚುವರಿ ಅನುದಾನ.

ಈ ಆಟದ ರಚನೆಯಲ್ಲಿ ಒಂದು ನ್ಯಾಯವಿದೆ ಎಂಬುದನ್ನು ಒಪ್ಪಬೇಕು. ಶ್ರೇಯಾಂಕ ಕೊಡುವುದು ಜಿಲ್ಲೆ ಎಲ್ಲಿದೆ ಎಂಬುದಕ್ಕಲ್ಲ, ಹಿಂದಿನ ಬಾರಿಗಿಂತ ಎಷ್ಟು ಸರಿದಿದೆ ಎಂಬುದಕ್ಕೆ. ಓಟದಲ್ಲಿ ಹಿಂದೆ ನಿಲ್ಲಿಸಿದವನಿಗೂ ಗೆಲ್ಲುವ ಅವಕಾಶ ಉಂಟು. ದಶಕಗಳ ಕಾಲ ಗುಲ್ಬರ್ಗದ ಮೂಲೆಯ ತಾಲ್ಲೂಕುಗಳಾಗಿದ್ದ ಊರುಗಳ ಮಕ್ಕಳ ತೂಕ ಎಷ್ಟೆಂದು ದೆಹಲಿ ಕೇಳತೊಡಗಿದ್ದೇ ಒಂದು ಬದಲಾವಣೆ. ಆದರೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಗುರುತಿಸಿದ ಅಪಾಯ ಇಂಥ ಕಡೆಯೆಲ್ಲ ಕಾದಿರುತ್ತದೆ. ಅಳತೆಗೋಲನ್ನೇ ಗುರಿ ಮಾಡಿದರೆ ಅದು ಅಳತೆಗೆ ಬಾರದಂತಾಗುತ್ತದೆ. ಅಂಕಿ ತುಂಬುವವರೂ ಅಂಕ ಬೇಕಾದವರೂ ಒಬ್ಬರೇ ಆದಲ್ಲಿ ಈ ಅಪಾಯ ಇನ್ನಷ್ಟು. ತೂಕದ ಪಟ್ಟಿಯಲ್ಲಿ ಒಂದು ಗೆರೆಯಾಗಿರುವ ಅಂಗನವಾಡಿಯ ಮಗುವಿಗೆ ತಾನು ಯಾರದೋ ಅಂಕವೆಂಬುದು ಗೊತ್ತಿಲ್ಲ.

ಇಲ್ಲಿಂದ ಗುಳೆ ಹೋದ ತರುಣರಲ್ಲಿ ಹಲವರು ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ, ಸಾಮಾನು ತಲುಪಿಸುತ್ತಾರೆ. ಅವರ ಮೊಬೈಲೂ ಒಂದು ಆಟದ ಮಣೆಯೇ. ಇಂತಿಷ್ಟು ಆರ್ಡರ್ ಮುಗಿಸಿದರೆ ಇಂತಿಷ್ಟು ಪ್ರೋತ್ಸಾಹಧನ, ಗ್ರಾಹಕ ಒತ್ತುವ ನಕ್ಷತ್ರಗಳು, ಗುರಿಗೆ ಇನ್ನು ಎರಡೇ ಬಾಕಿ ಎಂಬ ಸೂಚನೆ. ಚೌಕಾಬಾರದಲ್ಲಿ ನಿಯಮ ಇಬ್ಬರಿಗೂ ಗೊತ್ತಿರುತ್ತದೆ. ಇಲ್ಲಿ ನಿಯಮ ಬರೆಯುವವರು ಕಂಪನಿಯವರು, ಬದಲಿಸುವವರೂ ಅವರೇ. ಸವಾರನಿಗೆ ಕಾಣುವುದು ಬದಲಾದ ಅಂಕ ಮಾತ್ರ. ಸೋತರೆ ಕಳೆದುಕೊಳ್ಳುವುದು ಕಾಯಿಯನ್ನಲ್ಲ, ಮನೆಬಾಡಿಗೆಯನ್ನು. ಸಿಗ್ನಲ್ ದಾಟುವ ಆತುರದಲ್ಲಿ ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಿನದನ್ನು. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯಲ್ಲಿ ಕಲ್ಯಾಣನಿಧಿಯ ಜೊತೆಗೆ, ಸ್ವಯಂಚಾಲಿತ ವ್ಯವಸ್ಥೆಗಳು ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತವೆಂಬುದನ್ನು ಕಾರ್ಮಿಕನಿಗೆ ತಿಳಿಸಬೇಕೆಂಬ ಅಂಶವೂ ಇದೆ. ಆಟದ ನಿಯಮ ಕೇಳುವ ಹಕ್ಕು ಎಂದು ಇದನ್ನು ಕರೆಯಬಹುದೇನೊ.

ಎಲ್ಲಕ್ಕಿಂತ ಹೆಚ್ಚು ಮಂದಿಯನ್ನು ಕೇಳದೆಯೇ ಒಳಗೆಳೆದುಕೊಳ್ಳುವ ಆಟ ನಡೆಯುವುದು ಪ್ರತಿ ಬೇಸಿಗೆಯಲ್ಲಿ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ. ಜಿಲ್ಲೆಗಳ ಸ್ಥಾನಪಟ್ಟಿ ಹೊರಬೀಳುತ್ತದೆ. ನಾವು ಪತ್ರಿಕೆಯವರು ಅದನ್ನು ಮುಖಪುಟಕ್ಕೆ ಹಾಕುತ್ತೇವೆ. 2023ರಲ್ಲಿ ಯಾದಗಿರಿಗೆ ಶೇ 75.49ರೊಂದಿಗೆ ಕೊನೆಯ ಸ್ಥಾನ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್ ಕ್ಯಾಮೆರಾ ಬಂತು. ರಾಜ್ಯದ ಫಲಿತಾಂಶ, ಕೃಪಾಂಕದ ಪ್ರಮಾಣ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಯಾದಗಿರಿ ಶೇ 50.59, ಮತ್ತೆ ಕೊನೆ. 2025ರಲ್ಲಿ ಆ ಜಾಗಕ್ಕೆ ಕಲಬುರಗಿ ಬಂದು ಯಾದಗಿರಿ ಪಾರಾಯಿತು. ಪಾರಾಯಿತು ಎಂಬ ಕ್ರಿಯಾಪದವನ್ನೇ ಗಮನಿಸಿ, ಅದು ಆಟದ ಭಾಷೆ.

ಇಲ್ಲಿ ‘ಎಷ್ಟು ಸರಿದಿರಿ’ ಎಂಬ ಲೆಕ್ಕವಿಲ್ಲ. ಉಡುಪಿ, ದಕ್ಷಿಣ ಕನ್ನಡದ ಮಗುವೂ, ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಶಹಾಪುರದ ಮಗುವೂ ಒಂದೇ ಗೆರೆಯಿಂದ ಓಡಬೇಕು. ಕೊನೆಯ ಸ್ಥಾನ ಬಂದ ಮರುದಿನ ಅಧಿಕಾರಿಗಳಿಗೆ ನೋಟಿಸು, ಶಿಕ್ಷಕರಿಗೆ ಸಭೆ. ಮುಂದಿನ ವರ್ಷದ ಗುರಿ ಹಲಗೆಯ ಮೇಲೆ ಬರೆದಾಗುತ್ತದೆ. ಆ ಗುರಿಯ ಕೆಳಗೆ ಕುಳಿತ ಹದಿನೈದು ವರ್ಷದವನಿಗೆ ತನ್ನ ಗಣಿತದ ಅಂಕ ಇಡೀ ಜಿಲ್ಲೆಯ ಮಾನವಾದದ್ದು ಯಾವಾಗ ಎಂದು ತಿಳಿದಿರುವುದಿಲ್ಲ.

2024ರಲ್ಲಿ ಮಂಡಳಿ ಒಂದು ಬಾಗಿಲು ತೆರೆಯಿತು. ಆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆದವು. ಯಾವುದರಲ್ಲಿ ಅಂಕ ಹೆಚ್ಚೋ ಅದನ್ನೇ ಇಟ್ಟುಕೊಳ್ಳಬಹುದಿತ್ತು. ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಹಲವರು ಜೂನ್‌ನಲ್ಲಿ ಮತ್ತೆ ಬರೆದು ಪಾಸಾಗಿ ಕಾಲೇಜು ಸೇರಿದರು. ಅದರೆ ಜಿಲ್ಲೆಗಳ ಸ್ಥಾನ ಸುದ್ದಿಯಾಗುವುದು ಮೊದಲ ಪರೀಕ್ಷೆಯ ಫಲಿತಾಂಶದ ದಿನ. ಜೂನ್‌ನಲ್ಲಿ ಪಾಸಾದವರನ್ನು ಸೇರಿಸಿಕೊಂಡು ಆ ಪಟ್ಟಿಯನ್ನು ಯಾರೂ ಮತ್ತೆ ಮುಖಪುಟಕ್ಕೆ ತರಲಿಲ್ಲ.